ಗುಳೆ ಹೋದವರಿಗೆ ಸುದ್ದಿ ಮುಟ್ಟಿಸೋಣ, ದುಡಿಯಲು ಬಂದವರ ಮಾತು ಕೇಳೋಣ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ,

ಮಳೆ ಕೈಕೊಟ್ಟಿತೆಂದರೆ ನಮ್ಮ ಕೇರಿ, ತಾಂಡಾಗಳ ಬಾಗಿಲಿಗೆ ಬೀಗ ಬೀಳುತ್ತದೆ. ಜೋಳದ ಹಿಟ್ಟು, ಪಾತ್ರೆ-ಪಗಡ, ಹಾಸಿಗೆ ಕಟ್ಟಿಕೊಂಡು ಜನ ಗೋವಾ, ಪುಣೆ, ಮುಂಬೈ, ಮಂಗಳೂರಿನ ದಾರಿ ಹಿಡಿಯುತ್ತಾರೆ. ಹೊರರಾಜ್ಯಕ್ಕೆ ಹೋದವರಿಗೆ ಅಲ್ಲಿನ ಪೇಪರು ಓದಲು ಬರುವುದಿಲ್ಲ. ನಮ್ಮ ಪೇಪರು, ಟಿವಿಗಳಿಗೆ ಅವರ ನೆನಪಿರುವುದಿಲ್ಲ.

2020ರ ಮಾರ್ಚ್ 24ರ ರಾತ್ರಿ 8ಕ್ಕೆ ಲಾಕ್‌ಡೌನ್ ಎಂದರು, 12ಕ್ಕೆ ದೇಶವೇ ಬಂದ್ ಆಯಿತು. ಬಸ್ ಯಾವಾಗ ಬಿಡುತ್ತಾರೆ, ಅಕ್ಕಿ ಎಲ್ಲಿ ಕೊಡುತ್ತಾರೆ ಎಂದು ಕನ್ನಡದಲ್ಲಿ ಹೇಳುವವರಿಲ್ಲದೆ ನಮ್ಮವರು ವಾಟ್ಸ್ಆ್ಯಪ್‌ನ ಗಾಳಿಮಾತನ್ನೇ ನಂಬಬೇಕಾಯಿತು.

ಈಗಲಾದರೂ ಒಂದು ವಿಷಯ ಎಲ್ಲರಿಗೂ ತಿಳಿಯಲಿ. ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆಯನ್ನು ಎಲ್ಲ ರಾಜ್ಯಗಳೂ ಜಾರಿ ಮಾಡಬೇಕೆಂದು ಸುಪ್ರೀಂ ಕೋರ್ಟ್ 2021ರ ಜೂನ್ 29ರಂದು ಆದೇಶಿಸಿತು. ಸಿಂದಗಿಯ ರೇಷನ್ ಕಾರ್ಡಿನವರು ಗೋವಾದ ವಾಸ್ಕೋದ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ಕಾರ್ಡು ಊರಲ್ಲೇ ಉಳಿದಿದ್ದರೂ ಅದರ ನಂಬರ್ ಅಥವಾ ಆಧಾರ್ ನಂಬರ್ ಸಾಕು. ಆದರೆ ಕಾರ್ಡಿಗೆ ಆಧಾರ್ ಜೋಡಣೆಯಾಗಿರಬೇಕು. ಊರಲ್ಲಿರುವ ಅಜ್ಜ-ಅಜ್ಜಿ ತಮ್ಮ ಪಾಲನ್ನು ಇಲ್ಲೇ ಒಯ್ಯಬಹುದು. ಇಷ್ಟು ಗೊತ್ತಿಲ್ಲದೆ ಎಷ್ಟು ಮನೆಯವರು ಕೂಲಿ ದುಡ್ಡಿನಲ್ಲಿ ಪೇಟೆಯ ಅಕ್ಕಿ ಕೊಂಡು ಉಣ್ಣುತ್ತಿದ್ದಾರೋ!

ನಮ್ಮ ನೆಲಕ್ಕೂ ಜನ ದುಡಿಯಲು ಬರುತ್ತಾರೆ. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ಮೂಟೆಗಳಡಿ ಸಿಕ್ಕಿ ಬಿಹಾರದ 7 ಕಾರ್ಮಿಕರು ಸತ್ತರು. ಅಂದು ಎಲ್ಲ ಕ್ಯಾಮೆರಾಗಳೂ ಅಲ್ಲಿದ್ದವು. ಅದೇ ಜನ ಬದುಕಿ ಮೂಟೆ ಹೊರುವಾಗ ಅವರ ಸುರಕ್ಷತೆ, ಕೂಲಿಯ ಬಗ್ಗೆ ಹಿಂದಿಯಲ್ಲಿ ಎರಡು ಮಾತು ಹೇಳುವ, ಅವರನ್ನೇ ಮಾತಾಡಿಸುವ ಕೆಲಸ ಆಗಬೇಕಲ್ಲವೇ? ಯುದ್ಧದಿಂದ ಓಡಿ ಬಂದ ನಿರಾಶ್ರಿತರಿಗಾಗಿ ಜರ್ಮನಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ಡಬ್ಲ್ಯುಡಿಆರ್ 2016ರಲ್ಲೇ ಅರಬ್ಬಿ, ಫಾರ್ಸಿ ಭಾಷೆಗಳಲ್ಲಿ ಸುದ್ದಿ ಕೊಡತೊಡಗಿತು. ಅಷ್ಟು ದೂರವೂ ಬೇಡ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಶರಣರ ಕೂಟ ಕಟ್ಟಿದ ಕಲ್ಯಾಣಕ್ಕೆ ಕಾಶ್ಮೀರದಿಂದ ಬಂದವನೆನ್ನಲಾದ ಮೋಳಿಗೆಯ ಮಾರಯ್ಯ ಕಟ್ಟಿಗೆ ಮಾರಿ ಬದುಕಿದ. ಶರಣರ ನಡುವೆ ವಚನಕಾರನಾಗಿ ನಿಂತ. ಪರದೇಶಿ ಎಂದು ಅವನ ಬಾಯಿ ಯಾರೂ ಮುಚ್ಚಿಸಲಿಲ್ಲ.

ಆದ್ದರಿಂದ ನಮ್ಮ ಹಕ್ಕೊತ್ತಾಯ: ವಿಜಯಪುರ ಆಕಾಶವಾಣಿ ವಾರಕ್ಕೊಮ್ಮೆ ಗುಳೆ ಹೋದವರಿಗಾಗಿ ಕಾರ್ಯಕ್ರಮ ಮಾಡಲಿ, ಅದು ಮೊಬೈಲ್‌ನಲ್ಲೂ ಸಿಗಲಿ, ಅವರ ಫೋನ್ ಕರೆಗಳನ್ನು ಅದರಲ್ಲಿ ತೆಗೆದುಕೊಳ್ಳಲಿ. ಪಣಜಿ ಆಕಾಶವಾಣಿ, ಗೋವಾ-ಮಹಾರಾಷ್ಟ್ರದ ಪತ್ರಿಕೆಗಳು ದುಡಿಯುವವರಿಗೆ ಬೇಕಾದ ಸರ್ಕಾರಿ ಸೂಚನೆಗಳನ್ನು ಕನ್ನಡದಲ್ಲೂ ಕೊಡಲಿ. ನಮ್ಮ ಜಿಲ್ಲೆಯ ಪತ್ರಕರ್ತರು ಕಾರ್ಖಾನೆ, ಇಟ್ಟಂಗಿ ಭಟ್ಟಿ, ಕಬ್ಬಿನ ಗ್ಯಾಂಗುಗಳ ಹತ್ತಿರ ಅನಾಹುತಕ್ಕೆ ಮೊದಲೇ ಹೋಗಲಿ.

ಆಕಾಶವಾಣಿಗೆ ಒಂದು ಕಾರ್ಡು ಬರೆಯಿರಿ. ಓದು ಬಲ್ಲ ಹುಡುಗ-ಹುಡುಗಿಯರೇ, ಸಂತೆಯ ದಿನ ಬಸ್ ನಿಲ್ದಾಣದಲ್ಲಿ ನಿಂತು ಗಂಟು-ಮೂಟೆಯೊಂದಿಗೆ ಹೊರಟವರಿಗೆ ರೇಷನ್ನಿನ ವಿಷಯ ಬಾಯಿಬಿಟ್ಟು ಹೇಳಿ. ಈ ಹಾಳೆಯ ಫೋಟೊ ತೆಗೆದು ಊರ ಗ್ರೂಪಿಗೆ ಹಾಕಿ. ಓದಲು ಬಾರದವರಿಗೆ ನಿಮ್ಮ ದನಿಯಲ್ಲೇ ಓದಿ ಕಳಿಸಿ.