ತಿಲೋತ್ತಮೆಯ ತಪ್ಪೇನು?

ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯ ಮಾತು ಬಂದಾಗಲೆಲ್ಲ ನಮ್ಮ ಉಪಾಧ್ಯಾಯ ಬಂಧುಗಳ ತೀರ್ಪು ಒಂದೇ: ಜಗತ್ಸಿಂಹನು ನಾಯಕರಲ್ಲಿ ನಾಯಕ; ತಿಲೋತ್ತಮೆಯೋ, ಬರಿಯ ಅಳುಬುರುಕಿ. 1865ರಲ್ಲಿ ಬಂಗಾಳಿಯಲ್ಲಿ ಹೊರಬಂದ ಈ ಕಾದಂಬರಿಯನ್ನು ಕನ್ನಡಕ್ಕೆ ತಂದವರು ಬಿ. ವೆಂಕಟಾಚಾರ್ಯರು. ಈ ತೀರ್ಪನ್ನು ತಂದವರಾರೋ ನಾವರಿಯೆವು. ಆದರೆ ಅದನ್ನು ನಾವು ಒಪ್ಪಲಾರೆವು.

ತಿಲೋತ್ತಮೆಯು ಓದುಗರ ಸಹನೆಯನ್ನು ಪರೀಕ್ಷಿಸುವಳೆಂಬುದು ನಿಜ. ಮಂಚದ ಮರದ ಮೇಲೆ ಪ್ರಿಯನ ಹೆಸರನ್ನು ಬರೆಯುವಳು. ಮರುಕ್ಷಣವೇ ನಾಚಿ ನೀರು ಹಾಕಿ ಒರಸುವಳು. ನಮ್ಮ ಒಂದನೆಯ ತರಗತಿಯ ಮಕ್ಕಳೂ ಸ್ಲೇಟನ್ನು ಅಷ್ಟು ಆತುರದಿಂದ ಒರಸರು! ಇತ್ತ ಜಗತ್ಸಿಂಹನು ಐದು ಸಾವಿರ ಸೈನಿಕರನ್ನಷ್ಟೇ ಬೇಡಿ ಕತ್ಲೂಖಾನನ ಸೇನೆಯನ್ನು ಇದಿರಿಸಲು ಹೊರಟ ಧೀರ, ಸುಂದರ, ಮಿತಭಾಷಿ. ಇಂಥವನು ಯಾರಿಗೆ ಪ್ರಿಯನಾಗನು?

ಆದರೆ ಸೆರೆಮನೆಯ ಪ್ರಸಂಗವನ್ನು ಈ ವಿಮರ್ಶಕರು ಗಮನವಿಟ್ಟು ಓದಿರುವರೇ? ತಿಲೋತ್ತಮೆಯ ತಂದೆಯ ತಲೆ ಉರುಳಿದೆ. ತಾನು ಕತ್ಲೂಖಾನನ ಅಂತಃಪುರದಲ್ಲಿ ಬಂದಿ. ವಿಮಲೆಯು ಕೊಟ್ಟ ಉಂಗುರದ ಬಲದಿಂದ ಹೊರಬಿದ್ದ ರಾತ್ರಿ, ಎಲ್ಲಿಗೆ ಹೋಗಬೇಕೆಂದು ಕಾವಲಿನವನು ಕೇಳಿದಾಗ ಆ ಅಳುಬುರುಕಿಯ ಬಾಯಿಂದ ಬಂದುದು ಜಗತ್ಸಿಂಹನ ಹೆಸರು. ಪಾರಾಗುವ ದಾರಿ ತೆರೆದಿದ್ದರೂ ಅವಳು ಅವನ ಸೆರೆಕೋಣೆಗೇ ನಡೆದಳು. ನಮ್ಮ ಮಹಾವೀರನು ಮಾಡಿದ್ದೇನು? ಅವಳನ್ನು ತಂದೆಯ ಹೆಸರಿನಿಂದ ಕರೆದು, ಅಪರಿಚಿತಳೊಡನೆಂಬಂತೆ ತಣ್ಣಗೆ ಮಾತನಾಡಿದನು. ಅವಳು ಕುಸಿದುಬಿದ್ದಳು. ಅವನಿಗೆ ಅವಳ ಶೀಲದ ಮೇಲೆ ಸಂಶಯ. ಆ ಸಂಶಯವನ್ನು ಅವಳೊಡನೆ ಕೇಳಿ ತಿಳಿಯುವಷ್ಟು ತಾಳ್ಮೆಯಿಲ್ಲ. ಮುಂದೆ ಕತ್ಲೂಖಾನನು ಸಾಯುತ್ತ, ಅವಳು ನಿಷ್ಕಳಂಕಳೆಂದು ನುಡಿದಾಗ ಮಾತ್ರ ಕುಮಾರನ ಮನಸ್ಸು ತಿಳಿಯಾಯಿತು. ಸೆರೆಹಿಡಿದವನ ಮಾತು ಪ್ರಮಾಣ. ಸೆರೆಯಾದವಳ ಮಾತಿಗೆ ಬೆಲೆಯಿಲ್ಲ!

ಬಂಕಿಮರಿಗೆ ಧೀರ ಸ್ತ್ರೀಯರನ್ನು ಚಿತ್ರಿಸಲು ಬಾರದೆಂದು ಯಾರೂ ಹೇಳಲಾರರು. ಕತ್ಲೂಖಾನನನ್ನು ಇರಿದವಳು ವಿಮಲೆ. ಉಸ್ಮಾನನ ಇದಿರಿನಲ್ಲೇ ತನ್ನ ಪ್ರೇಮವನ್ನು ಸಾರಿದವಳು ಆಯೇಷೆ. ಕೊನೆಗೆ ತನ್ನ ಒಡವೆಗಳನ್ನು ತಿಲೋತ್ತಮೆಗೇ ತೊಡಿಸಿದ ದೊಡ್ಡ ಮನಸ್ಸು ಅವಳದು. ಹಾಗಿರುವಾಗ ಮದುವೆಯ ಹಸೆಗೆ ಮಾತ್ರ ಮೂಕಿಯನ್ನೇ ಆರಿಸಿದ್ದು ಲೇಖಕರ ಆಯ್ಕೆ. ಅದಕ್ಕಾಗಿ ತಿಲೋತ್ತಮೆಯನ್ನು ಹಳಿಯುವುದು ಯಾವ ನ್ಯಾಯ?

ಈ ಕಥೆಯನ್ನು ಹೇಳಿದ ದಿನ ಏಳನೆಯ ತರಗತಿಯ ಬಾಲಕಿಯೊಬ್ಬಳು ಎದ್ದುನಿಂತು, “ಅವನು ಅವಳನ್ನೇ ಒಂದು ಮಾತು ಕೇಳಬಹುದಿತ್ತಲ್ಲ, ಮಾಷ್ಟ್ರೇ?” ಎಂದಳು. ಜೊತೆಗಿದ್ದ ಹಿರಿಯ ಉಪಾಧ್ಯಾಯರು ನಕ್ಕು, ಅಧಿಕಪ್ರಸಂಗವೆಂದು ಅವಳನ್ನು ಕುಳ್ಳಿರಿಸಿದರು. ನಾವೂ ಆಗ ಸುಮ್ಮನಿದ್ದೆವು. ಜಗತ್ಸಿಂಹನ ಅಭಿಮಾನಿಗಳು ಅವಳಿಗೆ ಕೊಡತಕ್ಕ ಉತ್ತರವನ್ನು ಮುಂದಿನ ಸಂಚಿಕೆಗೆ ಬರೆದು ಕಳುಹಲಿ. ತರಗತಿಯಲ್ಲಿ ಓದಿ ಹೇಳುವೆವು.