ತುದಿಯ ಹೊಲಕ್ಕೆ ಮೊದಲ ನೀರು

ಕಾಲುವೆಯ ನೀರು ಹಂಚುವಾಗ ತುದಿಯ ಹೊಲಕ್ಕೆ ಮೊದಲು, ಮೇಲಿನ ಹೊಲಕ್ಕೆ ಆಮೇಲೆ ಎಂಬುದು ನ್ಯಾಯದ ಪದ್ಧತಿ. ಮೇಲಿನವನೇ ಮೊದಲು ತಿರುವಿಕೊಂಡರೆ ತುದಿಯವನ ಮಡಿ ನೆನೆಯುವುದೇ ಇಲ್ಲ. ಇದನ್ನು ಒಕ್ಕಲಿಗ ಬಾಂಧವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸರಕಾರವು ದವಾಖಾನೆಗಳಿಗೆ ಕೊಡುವ ಹಣದ ಮಾತೂ ಹೀಗೆಯೇ ಇದೆ.

ಮಿರಜಕ್ಕೆ ವೈದ್ಯರ ಊರೆಂಬ ಹೆಸರು ಹಳೆಯದು. 1894ರಲ್ಲಿ ಡಾ. ವಾನ್ಲೆಸ್ ಅವರು ಅಲ್ಲಿ ಮಿಶನ್ ಆಸ್ಪತ್ರೆ ತೆರೆದ ಮೇಲೆ ಕನ್ನಡ ಸೀಮೆಯ ಜನರೂ ರೋಗಿಗಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತ ಬಂದರು. 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆಯಿತು. ಸಾಂಗಲಿಯಲ್ಲಿ ದೊಡ್ಡ ಸಿವಿಲ್ ಆಸ್ಪತ್ರೆ ಇದೆ. ಇವು ಬೇಡವೆಂದು ಯಾರೂ ಹೇಳಲಾರರು. ಆದರೆ ಜತ್ತದಿಂದ ಮಿರಜಕ್ಕೆ ಎಪ್ಪತ್ತು-ಎಂಬತ್ತು ಕಿಲೋಮೀಟರು. ಮೂಡಣಕ್ಕಿರುವ ಸಂಖ, ಉಮದಿ ಕಡೆಯ ಕನ್ನಡ ಹಳ್ಳಿಗಳಿಂದ ಇನ್ನೂ ದೂರ.

ಹೋದ ಮುಂಗಾರಿನಲ್ಲಿ ನಮ್ಮ ಸಾಲೆಯ ಹುಡುಗನೊಬ್ಬನ ತಂದೆಗೆ ಸಂಜೆ ಸಜ್ಜೆಯ ಹೊಲದಲ್ಲಿ ಕೊಳಕುಮಂಡಲ ಕಚ್ಚಿತು. ಹತ್ತಿರದ ಸರಕಾರಿ ದವಾಖಾನೆಗೆ ಒಯ್ದರು. ಕಟ್ಟಡವಿತ್ತು, ದೀಪವಿತ್ತು, ವೈದ್ಯರಿರಲಿಲ್ಲ. ಬಾಡಿಗೆ ಜೀಪು ಗೊತ್ತುಮಾಡಿ ಮಿರಜ ಮುಟ್ಟುವಾಗ ನಡುರಾತ್ರಿ ಮೀರಿತ್ತು. ಜೀವ ಉಳಿಯಿತು, ಕಾಲು ಮೊದಲಿನಂತಾಗಲಿಲ್ಲ. ಬಿತ್ತಿಗೆಯ ಹೊತ್ತಿಗೆ ಅವನ ಮನೆಯಲ್ಲಿ ಒಂದೇ ಎತ್ತು ಉಳಿದಿತ್ತು.

ನಾಗರ, ಕಟ್ಟುಹಾವು, ಮರಾಠಿಯಲ್ಲಿ ಘೋಣಸ ಎನ್ನುವ ಕೊಳಕುಮಂಡಲ, ಫುರಸೆ ಎನ್ನುವ ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಔಷಧ ನಡೆಯುತ್ತದೆ. ಅದು ಪುಡಿಯ ರೂಪದಲ್ಲೂ ಸಿಗುತ್ತದೆ. ಅದಕ್ಕೆ ತಂಪು ಪೆಟ್ಟಿಗೆಯ ಹಂಗಿಲ್ಲ. ಮೊದಲ ಸಲಕ್ಕೆ ಸುಮಾರು 10 ಸೀಸೆ ಬೇಕು, ಔಷಧ ಒಗ್ಗದಿದ್ದರೆ ಕೂಡಲೆ ಸಂಭಾಳಿಸುವ ವೈದ್ಯರೂ ಬೇಕು. 2000ರಿಂದ 2019ರ ವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಸಂಶೋಧಕರ ಅಂದಾಜು. ಅವರಲ್ಲಿ ಬಹುಪಾಲು ಹಳ್ಳಿಯವರು.

ಮಹಾತ್ಮಾ ಫುಲೆ ಜನಾರೋಗ್ಯ ಯೋಜನೆಯ ನೆರವನ್ನು ಒಂದೂವರೆ ಲಕ್ಷದಿಂದ 5 ಲಕ್ಷಕ್ಕೆ ಏರಿಸಲು ಸರಕಾರ 2023ರಲ್ಲಿ ನಿರ್ಧರಿಸಿತು. ದೊಡ್ಡ ಶಸ್ತ್ರಕ್ರಿಯೆಗೆ ಅದು ಬಡವರ ಆಧಾರವೇ ಸರಿ. ಆದರೆ ಅದು ಆಸ್ಪತ್ರೆಯ ಮಂಚ ಸೇರಿದ ಮೇಲಿನ ಮಾತು. ದಾರಿಯಲ್ಲೇ ಪ್ರಾಣ ಹೋಗುವವನಿಗೆ ಆ ಕಾರ್ಡಿನಿಂದ ಏನು ಬಂತು? ವೈದ್ಯದ ಸೌಕರ್ಯವು ಜನರಿಗೆ ಆದಷ್ಟು ಹತ್ತಿರವಿರಬೇಕೆಂದು ಭೋರ್ ಸಮಿತಿಯು 1946ರಲ್ಲಿಯೇ ಹೇಳಿತು. ಆರೋಗ್ಯದ ಹಣದಲ್ಲಿ ಮೂರರಲ್ಲಿ ಎರಡು ಪಾಲು ಪ್ರಾಥಮಿಕ ಆರೈಕೆಗೆ ಹೋಗಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಬರೆಯಿತು. ಬರೆದದ್ದನ್ನು ನಡೆಸಿರೆಂಬುದೇ ನಮ್ಮ ಬೇಡಿಕೆ.

ಇನ್ನೊಂದು ಮಾತು. ಬಯಲು ಸೀಮೆಯಲ್ಲಿ 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೊಂದು ಉಪಕೇಂದ್ರ ಎಂದು ಲೆಕ್ಕ. ಗುಡ್ಡಗಾಡಿನವರಿಗೆ, ಆದಿವಾಸಿಗಳಿಗೆ 20,000 ಮತ್ತು 3,000. ಜತ್ತ ತಾಲೂಕು ಗುಡ್ಡಗಾಡಲ್ಲ ನಿಜ. ಆದರೆ ಬರಗಾಲದ ನೆಲ, ಊರಿಂದ ಊರಿಗೆ ದೂರ, ವಸ್ತಿಯ ಮನೆಗಳು ಚದುರಿವೆ. ಬರೀ ತಲೆ ಎಣಿಸಿದರೆ ಸಾಲದು, ದಾರಿಯನ್ನೂ ಅಳೆಯಬೇಕು. ಆ ರಿಯಾಯಿತಿಯನ್ನು ಈ ಗಡಿಯ ಬರಡು ಸೀಮೆಗೂ ಕೊಡುವುದು ಸರಕಾರದ ಕೈಯಲ್ಲಿದೆ. ನೇಮಿಸುವ ದಾದಿಗೆ ಕನ್ನಡ ಬರುವಂತೆಯೂ ನೋಡಬೇಕು. ನೋವನ್ನು ಬಾಣಂತಿ ತನ್ನ ಮಾತಿನಲ್ಲಿಯೇ ಹೇಳಿಯಾಳು.

2022ರ ಕೊನೆಗೆ ಜತ್ತದ ಹಳ್ಳಿಗಳು ನೀರಿಗಾಗಿ ಒಕ್ಕೊರಲಿನಿಂದ ಕೇಳಿದವು; ವಿಸ್ತರಿತ ಮ್ಹೈಸಾಳ ಯೋಜನೆಯ ಕಡತ ಮುಂದೆ ಸರಿಯಿತು. ದವಾಖಾನೆಗಾಗಿ ನಾವು ಹಾಗೆ ಎಂದು ಕೇಳಿದ್ದೇವೆ? ಆಗಸ್ಟ್ 15ರ ಗ್ರಾಮಸಭೆಯಲ್ಲಿ, ಅಕ್ಟೋಬರ್ 2ರ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿರಿ: ಹಾವಿನ ಔಷಧ ಎಷ್ಟು ಸೀಸೆ ಇದೆ? ರಾತ್ರಿ ಯಾರಿರುತ್ತಾರೆ? ರುಗ್ಣ ಕಲ್ಯಾಣ ಸಮಿತಿಯ ಹಣ ಯಾವುದಕ್ಕೆ ಖರ್ಚಾಯಿತು? ಉತ್ತರವನ್ನು ಠರಾವಿನಲ್ಲಿ ಬರೆಯಿಸಿರಿ. ಅಲ್ಲಿಯ ವರೆಗೆ, ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರಕ್ಕೆ ಕಾಯುವುದು ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ, ನಡೆಸದೆ, ತಡಮಾಡದೆ ದವಾಖಾನೆಗೆ ಒಯ್ಯಿರಿ.