ತೆರೆಯದ ಬಾಗಿಲುಗಳು

2009ರ ನವೆಂಬರ್ 29ರಂದು ಕೆನಡಾದ ಪಶ್ಚಿಮ ಕರಾವಳಿಯ ಸಟರ್ನಾ ದ್ವೀಪದಿಂದ ಎಂಟು ಜನರನ್ನು ಹೊತ್ತ ಪುಟ್ಟ ಜಲವಿಮಾನವೊಂದು ನೀರು ಬಿಟ್ಟು ಮೇಲೆದ್ದಿತು. ಪ್ರಕ್ಷುಬ್ಧ ಗಾಳಿಯಲ್ಲಿ ತಿರುಗುವಾಗ ರೆಕ್ಕೆಗಳ ಎತ್ತುವ ಬಲ ಕುಸಿಯಿತು. ಎಚ್ಚರಿಸಬೇಕಿದ್ದ ಸಾಧನ ಕೆಲಸ ಮಾಡಲಿಲ್ಲ. ವಿಮಾನ ಮರಳಿ ನೀರಿಗೆ ಬಿತ್ತು. ಪೈಲಟ್ ಮತ್ತು ಒಬ್ಬ ಪ್ರಯಾಣಿಕರು ಮಾತ್ರ ಬದುಕುಳಿದರು.

ಉಳಿದ ಆರು ಮಂದಿಯ ಪ್ರಾಣ ತೆಗೆದದ್ದು ಬಿದ್ದ ಪೆಟ್ಟಲ್ಲ, ನೀರು. ಅಪ್ಪಳಿಸಿದ ರಭಸಕ್ಕೆ ಎರಡು ಬಾಗಿಲುಗಳು ಸಿಕ್ಕಿಕೊಂಡಿದ್ದವು. ಹೊರಬರಲಾಗದೆ ಅವರು ಮುಳುಗಿದರು.

ಜಲವಿಮಾನ ಅಪಘಾತಕ್ಕೀಡಾದಾಗ ಬಹುತೇಕ ತಲೆಕೆಳಗಾಗುತ್ತದೆ. ಕತ್ತಲೆ, ತಣ್ಣೀರು, ದಿಕ್ಕು ತಪ್ಪಿದ ಮನಸ್ಸು. ಗಾಬರಿಯಲ್ಲಿ ಮೊದಲೇ ಬೆಲ್ಟ್ ಬಿಚ್ಚಿದವರು ಬಾಗಿಲಿನ ನೆಲೆಯನ್ನೇ ಕಳೆದುಕೊಳ್ಳುತ್ತಾರೆ. ಒಂದು ಕೈಯಲ್ಲಿ ಆಧಾರ ಹಿಡಿದು, ಬಾಗಿಲು ತೆರೆದು, ಆಮೇಲೆ ಬೆಲ್ಟ್ ಬಿಚ್ಚಬೇಕು. ಹೊರಬಂದ ಮೇಲಷ್ಟೇ ಜೀವರಕ್ಷಕ ಜಾಕೆಟ್ಟನ್ನು ಉಬ್ಬಿಸಬೇಕು. ಓದಿ ತಿಳಿದರೆ ಇದು ಸಾಲದು, ಈಜುಕೊಳದಲ್ಲಿ ತಲೆಕೆಳಗಾಗಿ ಕಲಿತವರಿಗೇ ಒದಗುವ ವಿದ್ಯೆ.

ಸುಲಭವಾಗಿ ತೆರೆಯುವ ನಿರ್ಗಮನದ್ವಾರಗಳು ಇರಬೇಕು, ಪ್ರಯಾಣಿಕರು ಜಾಕೆಟ್ ಧರಿಸಿಯೇ ಕುಳಿತಿರಬೇಕು ಎಂದು ಕೆನಡಾದ ತನಿಖಾ ಮಂಡಳಿ 2011ರಲ್ಲಿ ಶಿಫಾರಸು ಮಾಡಿತು. ಜಾಕೆಟ್ ಧರಿಸುವುದನ್ನೂ ವಾಣಿಜ್ಯ ಪೈಲಟ್‌ಗಳಿಗೆ ನೀರೊಳಗಿನಿಂದ ಪಾರಾಗುವ ತರಬೇತಿಯನ್ನೂ ಕಡ್ಡಾಯಗೊಳಿಸಿದ ನಿಯಮ ಬಂದದ್ದು 2019ರಲ್ಲಿ. ಆರು ಸಾವುಗಳಿಗೂ ಆ ನಿಯಮಕ್ಕೂ ನಡುವೆ ದಶಕವೇ ಕಳೆದಿತ್ತು.

ಈ ದೂರದ ಕಥೆ ಘಟ್ಟದವರಿಗೇಕೆ? 2024ರ ನವೆಂಬರ್ 11ರಂದು ಕೊಚ್ಚಿಯಿಂದ ಹೊರಟ ಜಲವಿಮಾನವೊಂದು ಮುನ್ನಾರ್ ಬಳಿಯ ಮಾಟ್ಟುಪೆಟ್ಟಿ ಜಲಾಶಯದಲ್ಲಿ ಪ್ರಾಯೋಗಿಕವಾಗಿ ಇಳಿಯಿತು. ಅದು ಕಾಡಾನೆಗಳು ದಾಟುವ ನೀರು ಎಂದು ಕೇರಳದ ಅರಣ್ಯ ಇಲಾಖೆ ಆತಂಕ ವ್ಯಕ್ತಪಡಿಸಿತು. ಆನೆಯ ದಾರಿಯ ಪ್ರಶ್ನೆಯೂ ಮನುಷ್ಯರ ಸುರಕ್ಷತೆಯ ಪ್ರಶ್ನೆಯೂ ಬೇರೆಬೇರೆಯಲ್ಲ. ಗುಡ್ಡಗಳ ನಡುವಿನ ಜಲಾಶಯದಲ್ಲಿ ಗಾಳಿ ಸುಳಿಯುತ್ತದೆ, ಮಂಜು ಇಳಿಯುತ್ತದೆ, ಮೀನುಗಾರರ ದೋಣಿಗಳಿರುತ್ತವೆ. ಅವಘಡ ಸಂಭವಿಸಿದರೆ ಮೊದಲು ನೀರಿಗಿಳಿಯುವವರು ದಡದ ಜನರೇ.

ಆದ್ದರಿಂದ ಘಟ್ಟದ ಯಾವುದೇ ಜಲಾಶಯದಲ್ಲಿ ವಿಮಾನ ಇಳಿಸುವ ಮೊದಲು ಗಾಳಿಯ ಅಧ್ಯಯನ, ಪಾರಾಗುವ ತರಬೇತಿ, ರಕ್ಷಣಾ ದೋಣಿ, ಗ್ರಾಮಸಭೆಯ ಒಪ್ಪಿಗೆ ಇವಿಷ್ಟೂ ಸಿದ್ಧವಿರಬೇಕು. ಸತ್ತವರ ಲೆಕ್ಕದ ಮೇಲೆ ನಿಯಮ ಬರೆಯುವ ಪದ್ಧತಿ ಮಲೆನಾಡಿಗೆ ಬೇಡ.